ಹೊಡೆದು ಹಾಕಿದ ಒಂದು ಸಾಲು

"ಪಿರಿಯಡ್ಸ್‌ಗೆ ಐದು ದಿನ ಮುಂಚೆ, ಐದು ದಿನ ನಂತರ ಲಸಿಕೆ ಬೇಡವಂತೆ. ಹೌದಾ ಮಾರಾಯ್ತಿ?"

2021ರ ಏಪ್ರಿಲ್ ಕೊನೆ. ಕಾಪುವಿನಿಂದ ಅತ್ತಿಗೆಯ ಫೋನು. ಅವರಿಗೆ 46. ಮರುದಿನ ಕೋವಿಡ್ ಲಸಿಕೆಗೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕಿದ್ದವರು ಭಜನಾ ಮಂಡಳಿಯ ವಾಟ್ಸ್‌ಆ್ಯಪ್ ನೋಡಿ ಕೂತುಬಿಟ್ಟಿದ್ದರು. ನಾನು ಆಗ ಮಂಗಳೂರಿನ ಮನೆಯಿಂದಲೇ ಒಂದು ಕನ್ನಡ ಜಾಲತಾಣಕ್ಕೆ ಫ್ಯಾಕ್ಟ್‌ಚೆಕ್ ಬರೆಯುತ್ತಿದ್ದೆ.

ಫೋಟೊ ಆದರೆ ಸುಲಭ. ಹಿಂದಿನ ವರ್ಷ "ಚೀನಾದ ಬೀದಿಯಲ್ಲಿ ಹೆಣಗಳು" ಎಂದು ಬಂದ ಚಿತ್ರವನ್ನು ಗೂಗಲ್‌ಗೆ ಹಾಕಿದರೆ 2014ರ ಫ್ರಾಂಕ್‌ಫರ್ಟ್ ಸಿಕ್ಕಿತ್ತು. ನಾಜಿ ಶಿಬಿರದಲ್ಲಿ ಸತ್ತವರ ನೆನಪಿಗೆ ಜನ ರಸ್ತೆಯಲ್ಲಿ ಮಲಗಿದ್ದು ಅದು. ಬರೀ ಅಕ್ಷರದ ಮೆಸೇಜಿಗೆ ಹಿಡಿಯಲು ಬಾಲವೇ ಇರುವುದಿಲ್ಲ.

ಮೊದಲು ಇಂಗ್ಲಿಷಿನಲ್ಲಿ ಹುಡುಕಿದೆ. ಅದೇ ಐದು ದಿನ, ಅದೇ ಹೆದರಿಕೆ, ನಮ್ಮದು ಅನುವಾದ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಆಗಲೇ ಸುಳ್ಳು ಎಂದಿತ್ತು. ಅಷ್ಟನ್ನೇ ಎತ್ತಿ ಹಾಕಿದರೆ ನಾನು ಮಾಡಿದ್ದೂ ಫಾರ್ವರ್ಡೇ. ಆರೋಗ್ಯ ಸಚಿವಾಲಯದ ಸೂಚನೆ ತೆಗೆದು ಓದಿದೆ. ಯಾರಿಗೆ ಲಸಿಕೆ ಬೇಡ ಎಂಬ ಪಟ್ಟಿಯಲ್ಲಿ ಮೊದಲ ಡೋಸಿಗೆ ತೀವ್ರ ಅಲರ್ಜಿ ಆದವರಿದ್ದರು, ಆಗ ಗರ್ಭಿಣಿಯರೂ ಇದ್ದರು (ಅವರಿಗೆ ಅನುಮತಿ ಸಿಕ್ಕಿದ್ದು ಜುಲೈಯಲ್ಲಿ). ಮುಟ್ಟಿನ ಮಾತೇ ಇಲ್ಲ. ಗರ್ಭಿಣಿಯರಿಗೆ ಬೇಡ ಎಂಬ ನಿಜದ ಬೆನ್ನಿಗೇ ಈ ಸುಳ್ಳು ಅಂಟಿಕೊಂಡಿತೆಂದು ನನ್ನ ಗುಮಾನಿ.

ಕೊನೆಗೆ ಪರಿಚಯದ ಸ್ತ್ರೀರೋಗ ತಜ್ಞೆಗೆ ಫೋನಿನಲ್ಲಿ ಕರಡು ಓದಿ ಹೇಳಿದೆ. 'ಲಸಿಕೆಗೂ ಮುಟ್ಟಿಗೂ ಸಂಬಂಧವೇ ಇಲ್ಲ' ಎಂಬಲ್ಲಿ ತಡೆದರು.

"ಅದು ನಿಮಗೆ ಹೇಗೆ ಗೊತ್ತು? ನನಗೇ ಗೊತ್ತಿಲ್ಲ. ಯಾವ ದಿನ ಬೇಕಾದರೂ ಹಾಕಿಸಿಕೊಳ್ಳಬಹುದು, ಅಷ್ಟು ಬರೀರಿ ಸಾಕು."

ಇಡೀ ಲೇಖನದಲ್ಲಿ ನನಗೆ ಇಷ್ಟವಾದ ಸಾಲು ಅದೊಂದೇ. ಸಿಟ್ಟಿನಲ್ಲೇ ಹೊಡೆದು ಹಾಕಿದೆ.

ಅತ್ತಿಗೆ ಲಸಿಕೆ ಹಾಕಿಸಿಕೊಂಡರು. ಮೇ ತಿಂಗಳಲ್ಲಿ ಮತ್ತೆ ಫೋನು: "ಈ ಸಲ ಎರಡು ದಿನ ತಡ ಆಯ್ತಲ್ಲ, ಅದು ಎಂತ?" ಈ ಪ್ರಾಯದಲ್ಲಿ ತಡ ಆಗಲಿಕ್ಕೆ ನೂರು ಕಾರಣ ಉಂಟು ಎಂದೆ.

2022ರ ಜನವರಿಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಸುಮಾರು 4,000 ಮಂದಿಯ ದಾಖಲೆ ನೋಡಿದ್ದರು. ಲಸಿಕೆ ಪಡೆದ ತಿಂಗಳು ಮುಟ್ಟು ತಡವಾದದ್ದು ನಿಜ, ಆದರೆ ಸರಾಸರಿ ಒಂದು ದಿನವೂ ಇಲ್ಲ. ಅಲ್ಲಿಯ ಲಸಿಕೆಗಳೂ ಬೇರೆ. ಅತ್ತಿಗೆಗೆ ಲಿಂಕ್ ಕಳಿಸಿದೆ.

"ನಾನು ಆಗಲೇ ಹೇಳಿರ್ಲಿಲ್ವಾ? ಭಜನಾ ಮಂಡಳಿಗೆ ಹಾಕ್ಲಾ?"

"ಒಂದು ದಿನವೂ ಇಲ್ಲ ಅನ್ನುವುದನ್ನು ಬಿಡದೆ ಹಾಕಿ" ಎಂದೆ. ಹಾಕಿದ್ದು ಹೆಡ್‌ಲೈನ್ ಮಾತ್ರ.