ಎರಡು ಪಟ್ಟು ಅಂದರೆ ಎಷ್ಟು?

ಆರೋಗ್ಯದ ಸುದ್ದಿಯನ್ನು ಜನರಿಗೆ ಅರ್ಥವಾಗುವ ಹಾಗೆ ಬರೆಯೋದು ಹೇಗೆ ಅಂತ ಪತ್ರಕರ್ತರಿಗೊಂದು ತರಬೇತಿ ಇತ್ತು. ಹೋಗಿದ್ದೆ. ಬೆಳಗಿನ ಹೊತ್ತೆಲ್ಲ ಒಂದೇ ಒಂದು ಹಳೆಯ ಸುದ್ದಿಯ ಮೇಲೆ ಕಳೆಯಿತು.

1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತ್ತು. ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಸುದ್ದಿ ಹರಡಿದ್ದೂ ಹಾಗೇ. ಎಷ್ಟೋ ಹೆಂಗಸರು ಗಾಬರಿಯಾಗಿ ಮಾತ್ರೆ ಬಿಟ್ಟುಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅಂತ ಅಂದಾಜು. ಅಸಲಿ ಲೆಕ್ಕ ಏನು ಗೊತ್ತಾ? ಹಳೆಯ ಬಗೆಯ ಮಾತ್ರೆ ತಗೊಳ್ಳುವ 7,000 ಮಂದಿಯಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸ ಮಾತ್ರೆಯಿಂದ ಇಬ್ಬರಿಗೆ ಆಗುತ್ತದೆ, ಅಷ್ಟೇ. ಅದೂ ಅಲ್ಲದೆ, ಬಸುರಿಯಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಈ ಮಾತ್ರೆಯಿಂದ ಬರುವುದಕ್ಕಿಂತ ಜಾಸ್ತಿ. 'ಎರಡು ಪಟ್ಟು' ಅನ್ನೋದು ಸುಳ್ಳಲ್ಲ, ಆದರೆ ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಅಂತ ಹೇಳದಿದ್ದರೆ ಓದುವವರ ಕೈಗೆ ಸಿಗೋದು ಭಯ ಮಾತ್ರ.

ಆಮೇಲೆ ಅದೇ ಸುದ್ದಿಯನ್ನು ಹೊಸದಾಗಿ ಬರೆಯಲು ಹೇಳಿದರು. ಬರೆದದ್ದನ್ನು ಪಕ್ಕದವರಿಗೆ ಒಂದೇ ಸಲ ಓದಿ ಹೇಳಬೇಕು, ಅವರು ಕಾಗದ ನೋಡದೆ ತಮಗೆ ತಿಳಿದಷ್ಟನ್ನು ತಮ್ಮ ಮಾತಲ್ಲಿ ವಾಪಸ್ ಹೇಳಬೇಕು. ನನ್ನ ಪಕ್ಕದಲ್ಲಿದ್ದವರು ಅಂಕಿಗಳನ್ನೆಲ್ಲ ತುಂಬಾ ಚೆನ್ನಾಗಿ ಬಿಡಿಸಿದ್ದರು. ಕೇಳಿ ಮುಗಿದ ಮೇಲೂ ನನ್ನಲ್ಲೊಂದು ಪ್ರಶ್ನೆ ಉಳಿದಿತ್ತು. "ಸರಿ ಮೇಡಂ, ಈಗ ಮಾತ್ರೆ ತಗೊಳ್ಳೋದಾ, ಬಿಡೋದಾ?" ಅಂದೆ. ಅವರು ಕಾಗದ ತಿರುಗಿಸಿ ತೋರಿಸಿದರು, ಉತ್ತರ ಕೊನೆಯ ಪ್ಯಾರಾದಲ್ಲಿತ್ತು. ಅಷ್ಟು ದೂರ ಎಷ್ಟು ಜನ ಓದುತ್ತಾರೆ? ಇಬ್ಬರೂ ಸೇರಿ ಅದನ್ನು ಎರಡನೇ ಸಾಲಿಗೆ ತಂದೆವು: "ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕೇಳಿ."

ಮಧ್ಯಾಹ್ನ ಇಲಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಔಷಧಿ ಸಿಕ್ಕಿತು ಅನ್ನುವಂತೆ ಬರೆಯಬಾರದು, ಸಂಶೋಧನೆಗೆ ದುಡ್ಡು ಕೊಟ್ಟವರು ಯಾರು ಅಂತ ಕೇಳಬೇಕು, ಇಂಥವೆಲ್ಲ ಬಂದವು. ಬೇಕಾದವೇ.

ಒಂದು ಕೊರತೆ ಮಾತ್ರ ನನ್ನನ್ನು ತುಂಬಾ ಕಾಡಿತು. ಅಲ್ಲಿದ್ದವರೆಲ್ಲ ವರದಿಗಾರರು. ತಲೆಬರಹ ಕೊಡೋದು ಕಚೇರಿಯಲ್ಲಿ ಕೂತು ಸುದ್ದಿ ತಿದ್ದುವ ಡೆಸ್ಕ್‌ನವರು ಅಲ್ವಾ? ನಾವು 7,000ದಲ್ಲಿ ಇಬ್ಬರು ಅಂತ ಎಷ್ಟು ಜೋಪಾನವಾಗಿ ಬರೆದರೂ, ಮೇಲೆ ದಪ್ಪ ಅಕ್ಷರದಲ್ಲಿ 'ಎರಡು ಪಟ್ಟು ಅಪಾಯ' ಅಂತ ಬಂದರೆ ಜನ ಓದೋದು ಅದನ್ನೇ. ಮುಂದಿನ ಸಲ ಡೆಸ್ಕ್‌ನವರನ್ನೂ ಕರೆಯಿರಿ ಅಂತ ಹೊರಡುವ ಮೊದಲು ಬರೆದುಕೊಟ್ಟು ಬಂದೆ.