ಡಾಟ್ ಬಿಚ್ಚಿದ ಗೆರೆ

"ಹನ್ನೆರಡು ವರ್ಷದ ಹುಡುಗಿಗೆ ಯಾರಾದ್ರೂ ಡಾಟ್ ಹಾಕ್ತಾರಾ ಅಕ್ಕ?"

ತೆಂಕಪೇಟೆಯ ಟೈಲರ್ ಕೇಳಿದ ಈ ಮಾತು ಮಂಗಳವಾರದಿಂದ ನನ್ನ ತಲೆಯಲ್ಲೇ ಕೂತಿದೆ. ಡಾಟ್ ಅಂದರೆ ಬಟ್ಟೆ ಎದೆಯ ಉಬ್ಬಿಗೆ ಸರಿಯಾಗಿ ಕೂರಲಿ ಎಂದು ಓರೆಯಾಗಿ ಮಡಚಿ ಹಾಕುವ ಹೊಲಿಗೆ. ನಾನು ಹೋದದ್ದು ಸುಮ್ನೆ ಒಂದು ಜಿಪ್ಪು ಹಾಕಿಸಲು. ಅಕ್ಕನ ಮಗಳಿಗೆ ಕಾಲೇಜಿನಲ್ಲಿ ರೆಟ್ರೋ ಡೇ. ದೊಡ್ಡಮ್ಮನ ಟ್ರಂಕಿನಲ್ಲಿದ್ದ ಮೆರೂನ್ ವೆಲ್ವೆಟ್ ಫ್ರಾಕೇ ಬೇಕಂತೆ. ಬೆನ್ನಿನ ಜಿಪ್ಪು ಹಾಳಾಗಿತ್ತು, ಸೊಂಟ ಸ್ವಲ್ಪ ಬಿಗಿ. ಅವಳ ತಾಯಿ, ಅಂದರೆ ದೊಡ್ಡಮ್ಮನ ಮಗಳು, "ವಿಂಟೇಜ್ ಅಂತ ಆನ್‌ಲೈನಿನಲ್ಲಿ ಮಾರಿದ್ರೆ ಒಳ್ಳೆ ದುಡ್ಡು ಬರ್ತದೆ" ಎಂದು ಎರಡು ಸಲ ಹೇಳಿದಳು. ಅವಳು ಹಾಗೆಯೇ. ಮನೆಯ ಹಳೆ ಕಂಚಿನ ತಪ್ಪಲೆಗಳೂ ಅದೇ ದಾರಿ ಹಿಡಿದಿವೆ.

ಆ ಫ್ರಾಕಿನ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. 1958ರ ದೀಪಾವಳಿ. ಅಜ್ಜ ಬೊಂಬಾಯಿಯ ಮಾಟುಂಗದಲ್ಲಿ ಹೋಟೆಲ್ ಅಡುಗೆಗೆ ಇದ್ದವರು. ಕೊಂಕಣ ರೈಲು ಪೂರ್ತಿಯಾದದ್ದೇ 1998ರಲ್ಲಿ. ಆಗೆಲ್ಲ ಮಳೆಗಾಲ ಕಳೆದು ಹಡಗು ಶುರುವಾದ ಮೇಲೆಯೇ ಊರಿಗೆ ಬರುವುದು. ಆ ವರ್ಷ ಹನ್ನೆರಡರ ಮಗಳಿಗೆಂದು, ಅಂದರೆ ನಮ್ಮ ದೊಡ್ಡಮ್ಮನಿಗೆಂದು, ಅಳತೆ ಕೊಟ್ಟು, ಹೊಸ ರೇಷ್ಮೆ ವೆಲ್ವೆಟ್ಟಿನಲ್ಲಿ ಫ್ರಾಕ್ ಹೊಲಿಸಿ ತಂದರು. ಅಜ್ಜಿ ಮಾತ್ರ "ಎಂಥ ಬೊಂಬಾಯಿ ವೇಷ ಇದು" ಎಂದು ಮುಖ ಸಿಂಡರಿಸಿದರು. ಇಷ್ಟು ಕಥೆ. ಅಜ್ಜ ಹೀರೋ, ಅಜ್ಜಿ ಜೋರಿನವಳು.

ಟೈಲರ್ ಫ್ರಾಕನ್ನು ಒಳಮೈ ಹೊರಗೆ ಮಾಡಿದರು. ಕನ್ನಡಕ ಏರಿಸಿದರು. ಆಮೇಲೆ ಜಿಪ್ಪಿನ ವಿಷಯವೇ ಬಿಟ್ಟರು.

"ಬೆನ್ನಿನ ಈ ನೈಲಾನ್ ಜಿಪ್ಪು ಆಮೇಲಿನದ್ದು, ದಾರವೂ ಪಾಲಿಯೆಸ್ಟರ್. ಮೊದಲು ಜಿಪ್ಪು ಇದ್ದದ್ದು ಇಲ್ಲಿ." ಎಡ ಪಕ್ಕದಲ್ಲಿ ಮುಚ್ಚಿ ಹೊಲಿದ ಒಂದು ಸೀಳು ತೋರಿಸಿದರು. ಉದ್ದಕ್ಕೂ ಹಸಿರು ಕಲೆ. ಹಿತ್ತಾಳೆ ಜಿಪ್ಪಿನ ಕಿಲುಬು. 40, 50ರ ದಶಕದ ಫ್ರಾಕುಗಳಲ್ಲಿ ಲೋಹದ ಜಿಪ್ಪನ್ನು ಹೀಗೆ ಪಕ್ಕಕ್ಕೇ ಇಡುತ್ತಿದ್ದರಂತೆ. ಕಂಕುಳ ಕೆಳಗೆ ಒಂದು ತುಂಡು ಬೇರೆಯೇ ಬಣ್ಣ ಅನಿಸುತ್ತಿತ್ತು. ಬೇರೆ ಬಟ್ಟೆ ಅಲ್ಲ, ಅದೇ. ಕೈಯಾಡಿಸಿ ನೋಡಲು ಹೇಳಿದರು. ಉಳಿದ ಕಡೆ ವೆಲ್ವೆಟ್ಟಿನ ಕೂದಲು ಕೆಳಗೆ ಮಲಗಿದೆ, ಆ ತುಂಡಿನಲ್ಲಿ ಮೇಲೆ. ತಿರುಗಿಸಿ ಹಾಕಿದರೆ ಬಣ್ಣ ಗಾಢವಾಗಿ ಕಾಣುತ್ತದೆ. ಅದು ಅಕ್ಕ ಸ್ಕೂಲ್ ಡೇ ಡ್ಯಾನ್ಸಿಗೆ ಹಾಕಿಕೊಂಡಾಗ ಆದ ರಿಪೇರಿ ಇರಬೇಕು. ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿದರು. ಕಾಗದ ಸುಟ್ಟ ವಾಸನೆ. "ರೇಷ್ಮೆ ಆದ್ರೆ ಕೂದಲು ಸುಟ್ಟ ಹಾಗೆ ಬರ್ತದೆ, ಪಾಲಿಯೆಸ್ಟರ್ ಆದ್ರೆ ಕರಗಿ ಗುಂಡಾಗ್ತದೆ. ಇದು ರೇಯಾನ್." ರೇಷ್ಮೆಯ ಜಂಬ ಅಲ್ಲಿಗೆ ಮುಗಿಯಿತು.

ಆಮೇಲೆ ಎದೆಯ ಹತ್ತಿರದ ಎರಡು ಓರೆ ಗೆರೆ. ವೆಲ್ವೆಟ್ಟಿಗೆ ಒಮ್ಮೆ ಸೂಜಿ ಬಿತ್ತು ಅಂದರೆ ಮುಗಿಯಿತು. ಹೊಲಿಗೆ ಬಿಚ್ಚಿದರೂ ತೂತಿನ ಸಾಲು ಹೋಗುವುದಿಲ್ಲ, ಅಮುಕಿದ ಕೂದಲು ಏಳುವುದಿಲ್ಲ. ಅಲ್ಲಿ ಡಾಟ್ ಇತ್ತು, ಬಿಚ್ಚಿದ್ದಾರೆ. ಸೊಂಟವನ್ನೂ ಭುಜವನ್ನೂ ಕೈಯಲ್ಲೇ ಒಳಗೆ ಮಡಚಿ ಹೊಲಿದಿದ್ದಾರೆ. ಒಂದಿಂಚೂ ಕತ್ತರಿಸಿಲ್ಲ. ಆಗಲೇ ಆ ಪ್ರಶ್ನೆ ಬಂದದ್ದು. ದೊಡ್ಡ ಹೆಂಗಸಿನ ಫ್ರಾಕ್ ಇದು, ಹುಡುಗಿಗೆ ಚಿಕ್ಕದು ಮಾಡಿದ್ದು.

"ಮಾಡಿದವರು ಎಡಗೈಯವರು" ಎಂದೂ ಹೇಳಿದರು. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ನನಗೆ ಹೇಳುವ ಅವಸರ. ಹೊಸ ವಿಷಯ ಸಿಕ್ಕರೆ ನನ್ನ ಬಾಯಿ ನಿಲ್ಲುವುದಿಲ್ಲ. ಮನೆಗೆ ಬಂದವಳೇ ಎಲ್ಲರ ಎದುರು, "ದೊಡ್ಡಮ್ಮ, ಇದು ನಿಮಗೆ ಹೊಲಿಸಿದ್ದಲ್ಲ. ಸೆಕೆಂಡ್ ಹ್ಯಾಂಡ್!" ಎಂದುಬಿಟ್ಟೆ. ನಗುತ್ತಾ ಹೇಳಿದೆ. ಆ ನಗು ಈಗಲೂ ಚುಚ್ಚುತ್ತದೆ. ಎಂಬತ್ತರ ಹತ್ತಿರದ ಹೆಂಗಸು. ಅವರ ಹತ್ತಿರ ಬಾಲ್ಯದ್ದು ಅಂತ ಇದ್ದದ್ದೇ ಅದೊಂದು. ಅದರಲ್ಲಿ ನನಗೆ ಎಂಥ ಪತ್ತೇದಾರಿ?

ದೊಡ್ಡಮ್ಮ ಏನೂ ಅನ್ನಲಿಲ್ಲ. ಟೈಲರ್ ಮತ್ತೆ ಏನೆಲ್ಲ ಹೇಳಿದರು ಅಂತ ಕೇಳಿದರು. ಹೇಳಿದೆ. ಎಡಗೈ ಅಂದ ಕೂಡಲೇ ಫ್ರಾಕ್ ಕೇಳಿ ತೆಗೆದುಕೊಂಡು ಕಿಟಕಿ ಹತ್ತಿರ ಹೋದರು. ಸೊಂಟದ ಹೊಲಿಗೆಯ ಮೇಲೆ ಉಗುರು ಎಳೆದರು. ಸಣ್ಣ ಸಣ್ಣ ಹೊಲಿಗೆ, ಎಲ್ಲ ನಾವು ಹಾಕುವುದಕ್ಕೆ ಉಲ್ಟಾ ಓರೆ.

"ಅಮ್ಮ ಎಡಚಿ" ಎಂದರು. "ಊಟ ಮಾತ್ರ ಬಲಗೈಯಲ್ಲಿ, ಅದೂ ಪೆಟ್ಟು ತಿಂದು ಕಲಿತದ್ದು."

ಅಕ್ಕ ಅಷ್ಟರಲ್ಲಿ, ಹಾಗಾದರೆ ಇದು ಇನ್ನೂ ಹಳೆಯದು, ರೇಟು ಜಾಸ್ತಿ ಸಿಗಬಹುದು ಎಂದಳು. ಯಾರೂ ಉತ್ತರ ಕೊಡಲಿಲ್ಲ.

ಅರವತ್ತು ವರ್ಷಕ್ಕೂ ಜಾಸ್ತಿ ನಾವು ಅಜ್ಜಿಯ ಸಿಂಡರಿಸಿದ ಮುಖವನ್ನೇ ಹೇಳಿಕೊಂಡು ನಕ್ಕಿದ್ದೇವೆ. ನಾನೂ ಮದುವೆಮನೆಗಳಲ್ಲಿ ಆ ಮುಖ ಮಾಡಿ ತೋರಿಸಿದ್ದುಂಟು. ಅಜ್ಜ ಯಾರದೋ ಫ್ರಾಕ್ ತಂದಿರಬೇಕು, ಬರುವ ವರ್ಷಕ್ಕೆ ಮಗಳು ಬೆಳೆಯುತ್ತಾಳೆ ಎಂದು ಅಜ್ಜಿ ಬಟ್ಟೆ ಕತ್ತರಿಸದೆ ಮಡಚಿರಬೇಕು. ಮಗಳು ಎದುರಿಗೆ ಬಂದಾಗ ಬೊಂಬಾಯಿ ವೇಷ ಎಂದು ಬೈದಿರಬೇಕು. ಬೈದದ್ದೂ ಬೇಕೆಂದೇ ಇರಬಹುದು. ನಿದ್ದೆಗೆಟ್ಟು ಮುಖ ಹಾಗಾಗಿದ್ದರೂ ಆಗಿರಬಹುದು, ಅಲ್ವಾ?

ಸೊಂಟ ಬಿಚ್ಚುವುದು ಬೇಡ ಎಂದು ದೊಡ್ಡಮ್ಮ ಖಡಾಖಂಡಿತ ಹೇಳಿದರು. ಹುಡುಗಿ ಸಿಟ್ಟು ಮಾಡಿಕೊಂಡು ಬಾಡಿಗೆಗೆ ಯಾವುದೋ ಗೌನು ತಂದಳು. ಫ್ರಾಕ್ ಈಗ ಟ್ರಂಕಿನಲ್ಲಿಲ್ಲ, ಹ್ಯಾಂಗರಿನಲ್ಲಿದೆ. ವೆಲ್ವೆಟ್ ಮಡಚಿ ಇಡಬಾರದು ಎಂದು ಟೈಲರ್ ಹೇಳಿದ್ದರು.

ನಿನ್ನೆ ದೊಡ್ಡಮ್ಮನ ಫೋನ್. "ಇಷ್ಟನ್ನೂ ಕೈಯಲ್ಲಿ ಹೊಲಿಯಲು ಎಷ್ಟು ಹೊತ್ತು ಬೇಕು, ಆ ಟೈಲರ್ ಹತ್ರ ಕೇಳು ಮಾರಾಯ್ತಿ."

ಕೇಳಿದೆ. ವೆಲ್ವೆಟ್ ಜಾರುತ್ತದೆ, ಮೊದಲು ಕಚ್ಚಾ ಹೊಲಿಗೆ ಹಾಕದೆ ಆಗುವುದೇ ಇಲ್ಲ, ಚಿಮಿಣಿ ದೀಪದಲ್ಲಾದರೆ ಎರಡು ರಾತ್ರಿಯಾದರೂ ಬೇಕು ಎಂದರು. ಹಾಗೇ ಹೇಳಿದೆ.

"ಅಪ್ಪ ಬಂದ ಮೂರನೇ ದಿನಕ್ಕೆ ಹಬ್ಬ" ಎಂದು ಹೇಳಿ ದೊಡ್ಡಮ್ಮ ಫೋನ್ ಇಟ್ಟರು.