ನಮ್ಮೋರು ಯಾವಾಗ ರಾಷ್ಟ್ರಪತಿ ಆಗೋದು?

ಭಾನುವಾರ ಬಲಿಪೂಜೆ ಮುಗಿದ ಮೇಲೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಅಂಗಳದಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ಜಾಕಿರ್ ಹುಸೇನ್ ಆದ್ರು, ಜೈಲ್ ಸಿಂಗ್ ಆದ್ರು, ಕಲಾಂ ಆದ್ರು. ನಮ್ಮೋರು ಯಾವಾಗಪ್ಪ ರಾಷ್ಟ್ರಪತಿ ಆಗೋದು?" ಅಂದರು ಹಿರಿಯರೊಬ್ಬರು. ಪಕ್ಕದಲ್ಲಿದ್ದ ಹುಡುಗ ಥಟ್ಟನೆ ಅಂದ: "ನಮಗೆ ಓಟೇ ಇಲ್ವಲ್ಲ ಅಂಕಲ್, ಕೇಳಿ ಏನ್ಮಾಡೋದು?"

ಹಿರಿಯರು ಸಾತ್ವಿಕರು, ಅವರ ಸಂಕಟ ಸುಳ್ಳಲ್ಲ. 2012ರಲ್ಲಿ ಕ್ರೈಸ್ತರಾದ ಪಿ.ಎ. ಸಂಗ್ಮಾ ನಿಂತಿದ್ದರು, ಪ್ರಣಬ್ ಮುಖರ್ಜಿಯವರಿಗೆ ಬಂದ ಮತಮೌಲ್ಯ (ಬಂದ ಮತಗಳ ತೂಕವನ್ನೆಲ್ಲ ಕೂಡಿಸಿದ ಮೊತ್ತ) 7,13,763, ಸಂಗ್ಮಾ ಅವರಿಗೆ 3,15,987. ಆದರೂ "ನಮ್ಮೋರು" ಎಂಬ ಅಳತೆಗೋಲು ನನಗೆ ಒಪ್ಪಿಗೆಯಾಗದು. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಗೆ ಅವನ ಮಾವ ಹೇಳುವುದು, ದೇವರಿಗೆ ಹೆದರುವ, ನಂಬಿಕೆಗೆ ಅರ್ಹರಾದ, ಲಂಚ ಕಂಡರಾಗದವರನ್ನು ಆರಿಸು ಅಂತ. ಧರ್ಮೋಪದೇಶಕಾಂಡದ 17ನೇ ಅಧ್ಯಾಯದ ಪ್ರಕಾರ ಅರಸನಾದವನು ಧರ್ಮಶಾಸ್ತ್ರದ ಪ್ರತಿ ಇಟ್ಟುಕೊಂಡು ಜೀವಮಾನವಿಡೀ ಓದಬೇಕು. ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇನೆಂದು ಪ್ರಮಾಣ ಮಾಡುವವರಿಗೂ ಇದೇ ತಾನೆ ಬೇಕಿರುವುದು? ಅದೇ ಅಧ್ಯಾಯ ಅರಸ ನಿಮ್ಮ ಸಹೋದರರಲ್ಲೊಬ್ಬನಾಗಿರಲಿ ಅನ್ನುತ್ತದೆ, ನಿಜ. ಈ ದೇಶದಲ್ಲಿ ನಮಗೆ ಸಹೋದರರಲ್ಲದವರು ಯಾರಿದ್ದಾರೆ?

"ಓಟೇ ಇಲ್ವಲ್ಲ" ಅನ್ನೋ ಮಾತು ನನ್ನನ್ನು ಇನ್ನೂ ಹೆಚ್ಚು ಕಾಡಿತು. ಹುಡುಗ ಚುರುಕು, ಆದರೆ ಕೈಚೆಲ್ಲಿ ಕೂತಿದ್ದಾನೆ. ರಾಷ್ಟ್ರಪತಿಯನ್ನು ಆರಿಸುವುದು ಸಂಸದರು, ಶಾಸಕರು, ನಿಜ. ಆದರೆ ನಾವು ಆರಿಸಿದ ಶಾಸಕರ ಕೈಯಲ್ಲಿ ನಮ್ಮ ಪಾಲಿದೆ. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯನ್ನು 224 ಶಾಸಕರಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಿದರೆ ಒಬ್ಬೊಬ್ಬರ ಮತಕ್ಕೆ 131 ಮೌಲ್ಯ. ಮಂಡ್ಯದ ಶಾಸಕರಿಗೂ ಅಷ್ಟೇ, ಬೆಂಗಳೂರಿನವರಿಗೂ ಅಷ್ಟೇ. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ 7. ಸಂಸದರ ಮತಕ್ಕೆ 2022ರಲ್ಲಿ 700 ಇತ್ತು. ವಿಧಾನ ಪರಿಷತ್ತಿನವರಿಗೂ ನಾಮನಿರ್ದೇಶಿತರಿಗೂ ಮತವಿಲ್ಲ, ಅವರ ಮನೆಗೆ ಅಲೆಯಬೇಡಿ.

ಮುಖ್ಯವಾದದ್ದೇನೆಂದರೆ, ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ (ಇಂಥವರಿಗೇ ಮತ ಹಾಕಿ ಎಂಬ ಆಜ್ಞೆ) ಕೊಡುವಂತಿಲ್ಲ. ಮತ ಗುಪ್ತ. ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ, ಸಂಸದರಿಗೆ ಹಸಿರು. ಅದರಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಬರೀ ಹೆಸರು. ಮತಗಟ್ಟೆಯಲ್ಲಿ ಕೊಡುವ ನೇರಳೆ ಶಾಯಿಯ ಪೆನ್ನಿನಿಂದಲೇ ಹೆಸರಿನ ಮುಂದೆ ಪ್ರಾಶಸ್ತ್ಯದ ಅಂಕಿ (ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2, ಹೀಗೆ) ಬರೆಯಬೇಕು. ಕನ್ನಡದ ೧ ನಡೆಯುತ್ತದೆ. "ಒಂದು" ಎಂದು ಅಕ್ಷರದಲ್ಲಿ ಬರೆದರೆ ಮತ ಅಸಿಂಧು. ಮೊದಲ ಪ್ರಾಶಸ್ತ್ಯ ಬಿಟ್ಟರೂ, ಇಬ್ಬರಿಗೆ 1 ಹಾಕಿದರೂ ಅದೇ ಗತಿ. 2022ರಲ್ಲಿ ಹೀಗೆ ಅಸಿಂಧುವಾದದ್ದು 53 ಮತ. ಕಾನೂನು ಮಾಡುವವರೇ ಮತಪತ್ರ ತುಂಬಲು ತಪ್ಪುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಂದರೆ ಆ ಗಳಿಗೆಯಲ್ಲಿ ಶಾಸಕರ ಜೊತೆ ಇರುವುದು ಅವರ ಆತ್ಮಸಾಕ್ಷಿ ಮಾತ್ರ. ಅದನ್ನು ಮುಟ್ಟುವ ಮಾತಾಡಲು ನಮಗೆ ಅಡ್ಡಿಯೇನಿದೆ? ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ, ಚುನಾವಣೆ ಅದಕ್ಕೂ ಮೊದಲೇ ಮುಗಿಯಬೇಕು. ಸಂತ ಪೌಲರು ತಿಮೊಥೇಯನಿಗೆ ಅರಸರಿಗಾಗಿ ಪ್ರಾರ್ಥಿಸಿ ಎಂದು ಬರೆದಾಗ ರೋಮಿನ ಅರಸರು ಯಾರೂ ಕ್ರೈಸ್ತರಾಗಿರಲಿಲ್ಲ. ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಗೆ ಒಳ್ಳೆಯ ರಾಷ್ಟ್ರಪತಿ ಸಿಗಲೆಂಬ ಕೋರಿಕೆ ಈಗಲೇ ಸೇರಲಿ. ನಾಮಪತ್ರ ವಾಪಸಾತಿ ಮುಗಿದು ಕಣದಲ್ಲಿ ಯಾರಿದ್ದಾರೆಂದು ಖಚಿತವಾದ ಮೇಲೆ ನಾಲ್ಕು ಜನ ಕೂಡಿ ಶಾಸಕರ ಕಚೇರಿಗೆ ಹೋಗಿ, ಜಾತಿ-ಧರ್ಮದ ಮಾತೆತ್ತದೆ, ಇವರಲ್ಲಿ ಸಂವಿಧಾನ ಕಾಯುವವರು ಯಾರೆಂದು ನಿಮಗನಿಸುತ್ತದೆ ಅಂತ ಕೇಳಿ.